ಕೈಯೂ ಕಲಿಯಬೇಕು
(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ದೀಪಾವಳಿಯ ಬಿಡುವಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಈಗ ಆಕೆ ಜೈವಿಕ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದಾಳೆ. ಕನ್ನಡದಲ್ಲಿ ಓದಿದ್ದರಿಂದ ತೊಂದರೆಯಾಯಿತೇ ಎಂದು ಕೇಳಿದೆವು. “ಭಾಷೆಯ ತೊಡಕು ಒಂದು ವರ್ಷದಲ್ಲಿ ಹರಿಯಿತು, ಸರ್. ಆದರೆ ಪ್ರಯೋಗಶಾಲೆಯಲ್ಲಿ ಮೊದಲ ದಿನ ಕೈ ನಡುಗಿತು. ಇಲ್ಲಿ ಸೂಕ್ಷ್ಮದರ್ಶಕವನ್ನು ಕಪಾಟಿನ ಗಾಜಿನಾಚೆಯಿಂದಷ್ಟೇ ಕಂಡಿದ್ದೆ” ಎಂದಳು. ಆ ಮಾತು ನಮ್ಮನ್ನು ಚುಚ್ಚಿತು. ಒಡೆದೀತೆಂಬ ಭಯದಿಂದ ಕಪಾಟಿಗೆ ಬೀಗ ಹಾಕಿದವರು ನಾವೇ. ಆಕೆ ಅಲ್ಲಿ ಏನನ್ನು ಕಲಿತಳೆಂಬುದನ್ನು ತಮ್ಮ ಮುಂದಿಟ್ಟು, ನಮ್ಮ ತಪ್ಪನ್ನು ತಿದ್ದಿಕೊಳ್ಳುವ ಬಗೆಯನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಸುಟ್ಟ ಚರ್ಮಕ್ಕೆ ಹೊಸ ಚರ್ಮವನ್ನು ಬೆಳೆಸುವುದು, ಔಷಧವನ್ನು ರೋಗಿಗೆ ಕೊಡುವ ಮೊದಲು ಜೀವಕೋಶಗಳ ಮೇಲೆ ಪರೀಕ್ಷಿಸುವುದು ಮುಂತಾದವು ಜೈವಿಕ ಇಂಜಿನಿಯರರ ಕಾರ್ಯಗಳು. ಇವಕ್ಕೆಲ್ಲ ದೇಹದ ಹೊರಗೆ, ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ, ಜೀವಕೋಶಗಳನ್ನು ಸಾಕುವ ವಿದ್ಯೆ ಬೇಕು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಎಂಬ ವಿಜ್ಞಾನಿ ಕಪ್ಪೆಯ ಭ್ರೂಣದ ನರ ಅಂಗಾಂಶದ ಚೂರನ್ನು ಒಂದು ಹನಿ ದ್ರವದಲ್ಲಿ ಜೀವಂತವಾಗಿರಿಸಿ, ಅದರಿಂದ ನರದ ಎಳೆ ಬೆಳೆಯುವುದನ್ನು ಕಂಡನು. ಈ ವಿದ್ಯೆಯ ಆರಂಭ ಅಲ್ಲಿಯದು.

ಇದರ ಮೊದಲ ಪಾಠ ಶುಚಿತ್ವ. ಮನುಷ್ಯನ ಜೀವಕೋಶ ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಅನುಕೂಲ ಸ್ಥಿತಿಯಲ್ಲಿ ಕೆಲವು ಬ್ಯಾಕ್ಟೀರಿಯಗಳಿಗೆ 20 ನಿಮಿಷ ಸಾಕು. ಆದ್ದರಿಂದ ಬೆರಳಿನಿಂದ ಬಿದ್ದ ಒಂದೇ ಒಂದು ಸೂಕ್ಷ್ಮಾಣು ಎರಡು ದಿನಗಳಲ್ಲಿ ತಟ್ಟೆಯನ್ನೆಲ್ಲ ಆಕ್ರಮಿಸುವುದು. ವಿದ್ಯಾರ್ಥಿಯು ಕೈಗವಸನ್ನು 70 ಪ್ರತಿಶತ ಮದ್ಯಸಾರದಿಂದ ಒರೆಸಬೇಕು, ತೆರೆದ ತಟ್ಟೆಯ ಮೇಲೆ ಕೈ ಚಾಚಬಾರದು, ಮುಚ್ಚಳವನ್ನು ಬೇಕಾದಷ್ಟು ಹೊತ್ತು ಮಾತ್ರ ತೆರೆಯಬೇಕು. ಆ ಬಳಿಕ ತಟ್ಟೆಯನ್ನು 37 ಡಿಗ್ರಿ ಸೆಂಟಿಗ್ರೇಡ್ ಬಿಸಿಯಲ್ಲಿ ಇರಿಸಬೇಕು. ತಾಯಂದಿರೇ, ಶುಚಿಯಾದ ಪಾತ್ರೆ, ಉಗುರುಬೆಚ್ಚಗಿನ ಹಾಲು, ಅಳತೆಯ ಹೆಪ್ಪು — ಇವುಗಳ ಮರ್ಮವನ್ನು ನೀವು ಪುಸ್ತಕದಿಂದ ಕಲಿತಿರಾ? ಕೈಯಿಂದ ಕಲಿತಿರಿ. ಇದೂ ಅಂತಹುದೇ.

ಎರಡನೆಯ ಪಾಠ ಎಚ್ಚರ. 1951ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಬಡ ಗೃಹಿಣಿಯ ಗಂತಿಯಿಂದ, ಆಕೆಯ ಒಪ್ಪಿಗೆ ಕೇಳದೆಯೇ, ಜೀವಕೋಶಗಳನ್ನು ತೆಗೆದರು. ಆಕೆ ಆ ವರ್ಷವೇ ತೀರಿಕೊಂಡಳು. ಆದರೆ ‘ಹೀಲಾ’ ಎಂಬ ಹೆಸರಿನ ಆ ಜೀವಕೋಶಗಳು ಲೋಕದ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ವಿಜ್ಞಾನಿ, ಬೇರೆ ಬೇರೆ ಹೆಸರಿನಲ್ಲಿ ಬೆಳೆಸುತ್ತಿದ್ದ ಅನೇಕ ಜೀವಕೋಶಗಳು ವಾಸ್ತವವಾಗಿ ಹೀಲಾ ಜೀವಕೋಶಗಳೇ ಎಂದು ತೋರಿಸಿದನು. ಒಂದೇ ನಳಿಕೆಯನ್ನು ಎರಡು ಸೀಸೆಗಳಿಗೆ ಅದ್ದಿದರೂ ಸಾಕು, ಬೇಗ ಬೆಳೆಯುವ ಜೀವಕೋಶ ಮತ್ತೊಂದನ್ನು ನುಂಗಿಬಿಡುವುದು. ಕೈಯ ಸಣ್ಣ ಅಲಕ್ಷ್ಯದಿಂದ ವರ್ಷಗಳ ಸಂಶೋಧನೆ ಸುಳ್ಳಾಗಬಲ್ಲದು.

ಮೂರನೆಯ ಪಾಠ ಎಣಿಕೆ. ಜೀವಕೋಶಗಳಿರುವ ದ್ರವಕ್ಕೆ ಸಮಪ್ರಮಾಣದಲ್ಲಿ ಟ್ರೈಪಾನ್ ನೀಲಿ ಎಂಬ ಬಣ್ಣವನ್ನು ಬೆರೆಸುವರು. ಸತ್ತ ಜೀವಕೋಶ ನೀಲಿಯಾಗುವುದು, ಬದುಕಿದ್ದುದು ಬಣ್ಣವನ್ನು ಒಳಗೆ ಬಿಡದು. ಗೆರೆ ಕೊರೆದ ಗಾಜಿನ ಮೇಲೆ ಒಂದು ಮಿಲಿಮೀಟರ್ ಚೌಕದಲ್ಲಿ ಬದುಕಿರುವವನ್ನು ಎಣಿಸುವರು. ಅಲ್ಲಿ ದ್ರವದ ಆಳ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಆದ್ದರಿಂದ ಮಿಲಿಲೀಟರಿನ ಲೆಕ್ಕಕ್ಕೆ 10,000ದಿಂದ ಗುಣಿಸಬೇಕು. ಚೌಕಕ್ಕೆ ಸರಾಸರಿ 50 ಕಂಡರೆ, ಬಣ್ಣ ಬೆರೆಸಿದ್ದಕ್ಕೆ ಎರಡರಿಂದ ಗುಣಿಸಿ, ಮಿಲಿಲೀಟರಿಗೆ 10 ಲಕ್ಷ. ಬಾಲಕರೇ, ಇದು ನೀವು ನಮ್ಮಲ್ಲೇ ಕಲಿಯುವ ಗಣಿತ. ಇದಕ್ಕೆ ಇಂಗ್ಲಿಷಿನ ಹಂಗಿಲ್ಲ.

ನಮ್ಮ ಸೊಲ್ಲಾಪುರದ ಸೀಮೆಗೆ ಇದು ಅಪರಿಚಿತವೂ ಅಲ್ಲ. ನಮ್ಮ ರೈತರು ನೆಡುವ ದಾಳಿಂಬೆಯ ಅಂಗಾಂಶ ಕೃಷಿಯ ಸಸಿಗಳನ್ನು ಇಂತಹುದೇ ಶುಚಿತ್ವದಲ್ಲಿ, ಇಂತಹುದೇ ಪಳಗಿದ ಕೈಗಳು ಬೆಳೆಸಿರುತ್ತವೆ. ಆ ಕೈಗಳು ನಮ್ಮ ಮಕ್ಕಳವಾಗಬಾರದೇಕೆ?

ಆಕೆಯ ಮೊದಲ ತಟ್ಟೆಗೆ ಬೂಷ್ಟು ಹಿಡಿಯಿತಂತೆ. ಅಧ್ಯಾಪಕರು ಗದರಲಿಲ್ಲ. “ಏನೇನು ಮಾಡಿದೆ, ಯಾವಾಗ ಮಾಡಿದೆ, ಎಲ್ಲವನ್ನೂ ಬರೆ” ಎಂದರಂತೆ. ಬರೆಯುವಾಗ ತಪ್ಪು ತಾನೇ ಹೊಳೆಯಿತು. ಅವಳು ಮುಚ್ಚಳವನ್ನು ಮೇಜಿನ ಮೇಲೆ ಮಲಗಿಸಿ ಮಾತಿಗೆ ನಿಂತಿದ್ದಳು. ಒಡೆಯುವ, ಕೆಡಿಸುವ ಅವಕಾಶವಿಲ್ಲದೆ ಕೈ ಕಲಿಯದು. ಈ ಅವಕಾಶವನ್ನು ನಾವು ಮಕ್ಕಳಿಗೆ ಕೊಟ್ಟಿರಲಿಲ್ಲ.

ಇನ್ನು ಮುಂದೆ ಆ ಕಪಾಟಿಗೆ ಬೀಗವಿರದು. ಎಂಟನೆಯ ತರಗತಿಯಿಂದ ಪ್ರತಿ ಶನಿವಾರ ಒಬ್ಬೊಬ್ಬ ವಿದ್ಯಾರ್ಥಿಯೂ ಈರುಳ್ಳಿಯ ಪೊರೆಯನ್ನು ತನ್ನ ಕೈಯಾರೆ ಸುಲಿದು, ಬಣ್ಣ ಹಾಕಿ, ತಾನೇ ಮಸೂರವನ್ನು ಹೊಂದಿಸಿ, ಕಂಡುದನ್ನು ಕನ್ನಡದಲ್ಲಿ ಬರೆದಿಡುವನು. ಪಾಲಕರು ಮಗುವಿನ ಕೈಗೆ ಒಂದು ಈರುಳ್ಳಿಯನ್ನು ಕೊಟ್ಟು ಕಳುಹಿಸಲಿ. ಗಾಜು ಒಡೆದರೆ ಮನೆಯಲ್ಲಿ ಬೈಯದಿರಲಿ, ನಾವೂ ಬೈಯೆವು. ಮುಂದೆ ಈ ಶಾಲೆಯ ಮಗು ಯಾವ ಪ್ರಯೋಗಶಾಲೆಯನ್ನು ಹೊಕ್ಕರೂ ಅದರ ಕೈ ನಡುಗದಿರಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.