ತಿದ್ದಿದ್ದೂ ದಾಖಲೆಯೇ: ಕಾಮಗಾರಿ ತಂತ್ರಾಂಶದಲ್ಲಿ ಪರಿಷ್ಕರಣೆ ಮತ್ತು ಮರುಕೆಲಸ

(ತೋಡೂರಿನಲ್ಲಿ ಗ್ರಾಮ ಪಂಚಾಯತ್ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಕಾರವಾರದ ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ. ಮೇ ತಿಂಗಳಲ್ಲಿ ಮುಗಿಸಿದ ಮೋರಿ, ಚರಂಡಿ, ಕಾಲುಸಂಕಗಳಿಗೆ ನಿಜವಾದ ಪರೀಕ್ಷೆ ಜೂನ್‌ನಲ್ಲಿ ನಡೆಯುತ್ತದೆ. ಕೆಲವು ಉಳಿಯುತ್ತವೆ, ಕೆಲವು ಕುಸಿಯುತ್ತವೆ. ಕುಸಿದುದನ್ನು ಮತ್ತೆ ಕಟ್ಟಲೇಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮತ್ತೆ ಕಟ್ಟಿದ ಸಂಗತಿ ನಮ್ಮ ತಂತ್ರಾಂಶದಲ್ಲಿ ಕಾಣಿಸುತ್ತದೆಯೇ? ಇಂದಿನ ಮಾತು ಇದರ ಕುರಿತಾಗಿದೆ.

ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ನಾನು ಎಂಜಿನಿಯರ್ ಆಗಿದ್ದಾಗ ಒಂದು ಹಳ್ಳಿಯ ಮೋರಿಯ ಪಕ್ಕದ ಗೋಡೆ ಮಳೆಗೆ ಕುಸಿಯಿತು. ಮತ್ತೆ ಕಟ್ಟಿಸಿದೆವು. ಕಂಪ್ಯೂಟರಿನಲ್ಲಿ ಹಳೆಯ ಮುಕ್ತಾಯದ ದಿನಾಂಕವನ್ನು ಬದಲಿಸಿ ಹೊಸದನ್ನು ನಮೂದಿಸಿದೆ. ಹಳೆಯ ಛಾಯಾಚಿತ್ರ ತೆಗೆದು ಹೊಸದನ್ನು ಸೇರಿಸಿದೆ. ವರದಿ ಅಚ್ಚುಕಟ್ಟಾಗಿ ಕಂಡಿತು. ಎರಡು ವರ್ಷಗಳ ಬಳಿಕ ಅದೇ ಗೋಡೆ ಮತ್ತೆ ಬಿತ್ತು. ನನ್ನ ಜಾಗಕ್ಕೆ ಬಂದಿದ್ದವರಿಗೆ ಅದು ಮೊದಲ ಕುಸಿತದಂತೆಯೇ ತೋರಿತು. ಅವರು ಹಿಂದಿನ ಅಳತೆಯಲ್ಲಿಯೇ ಅಂದಾಜು ಪಟ್ಟಿ ತಯಾರಿಸಿದರು. ಮೋರಿಯ ಕೊಳವೆ ಚಿಕ್ಕದು, ನೀರು ಮೇಲಿನಿಂದ ಹರಿದು ಗೋಡೆಯ ಬುಡ ಕೊರೆಯುತ್ತದೆ ಎಂಬುದು ನನಗೆ ಮೊದಲ ಬಾರಿಯೇ ತಿಳಿದಿತ್ತು. ಅದನ್ನು ನಾನು ಎಲ್ಲಿಯೂ ಬರೆದಿರಲಿಲ್ಲ. ಪಂಚಾಯತ್ ಅದೇ ಪಾಠಕ್ಕೆ ಎರಡನೆಯ ಬಾರಿ ಹಣ ತೆತ್ತಿತು.

ಇದಕ್ಕೆ ಪರಿಹಾರ ಹೊಸದಲ್ಲ. ಅಳತೆ ಪುಸ್ತಕದಲ್ಲಿ ಒಮ್ಮೆ ಬರೆದುದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಾದ ಅಂಕಿ ಓದಲು ಬರುವಂತೆಯೇ ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ದಿನಾಂಕದೊಂದಿಗೆ ಕಿರುಸಹಿ ಹಾಕಬೇಕು. ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ ಬಳಕೆಯಲ್ಲಿರುವ ಜಿರಾದಂತಹ ವ್ಯವಸ್ಥೆಗಳೂ ಇದನ್ನೇ ಮಾಡುತ್ತವೆ: ಒಂದು ಕೆಲಸದ ವಿವರವನ್ನು ಯಾರು, ಯಾವಾಗ, ಯಾವುದರಿಂದ ಯಾವುದಕ್ಕೆ ಬದಲಿಸಿದರು ಎಂಬ ಚರಿತ್ರೆ ಅಲ್ಲಿ ಉಳಿಯುತ್ತದೆ. ಪಂಚತಂತ್ರವಿರಲಿ, ಗಾಂಧಿ ಸಾಕ್ಷಿ ಕಾಯಕವಿರಲಿ, ಇ-ಗ್ರಾಮಸ್ವರಾಜ್ ಇರಲಿ, ನಾವು ಪಾಲಿಸಬೇಕಾದ ಶಿಸ್ತು ಅಳತೆ ಪುಸ್ತಕದ್ದೇ.

ಮೊದಲು ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳೋಣ. ಸ್ಥಳದಲ್ಲಿ ಬಂಡೆ ಸಿಕ್ಕಿ ಚರಂಡಿಯ ದಿಕ್ಕು ಬದಲಾದರೆ ಅದು ಪರಿಷ್ಕರಣೆ. ಕಟ್ಟಿದ್ದು ಸರಿಯಾಗದೆ ಅದನ್ನೇ ಮತ್ತೆ ಕಟ್ಟಿದರೆ ಅದು ಮರುಕೆಲಸ. ಪ್ರತಿ ವರ್ಷ ಹೂಳೆತ್ತುವುದು ನಿರ್ವಹಣೆ. ಮೂರನ್ನೂ ‘ದುರಸ್ತಿ’ ಎಂಬ ಒಂದೇ ಪದದಲ್ಲಿ ಬರೆದರೆ ಯಾವುದಕ್ಕೆ ಎಷ್ಟು ಖರ್ಚಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ದಾಖಲಿಸುವ ಕ್ರಮ ಸರಳವಾಗಿದೆ. ಮೊದಲು ನಿಗದಿಯಾದ ದಿನಾಂಕ ಮತ್ತು ಮೊತ್ತವನ್ನು ಹಾಗೆಯೇ ಉಳಿಸಿ, ಬದಲಾದುದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಮರುಕೆಲಸಕ್ಕೆ ಹೊಸ ನಮೂದು ಮಾಡಿದರೆ ಅದರಲ್ಲಿ ಹಳೆಯ ಕಾಮಗಾರಿಯ ಸಂಖ್ಯೆಯನ್ನು ಬರೆಯಬೇಕು. ಕಾರಣವನ್ನು ಒಂದು ವಾಕ್ಯದಲ್ಲಾದರೂ ಹೇಳಬೇಕು. ‘ತಾಂತ್ರಿಕ ಕಾರಣ’ ಎಂಬುದು ಕಾರಣವಲ್ಲ. ತಂತ್ರಾಂಶದಲ್ಲಿ ಇದಕ್ಕೆ ಅಂಕಣವಿಲ್ಲದಿದ್ದರೆ ಕಾಮಗಾರಿ ಕಡತದ ಟಿಪ್ಪಣಿಯಲ್ಲಿ ಬರೆಯಬೇಕು. ಉದ್ಯೋಗ ಖಾತರಿ ಕಾಮಗಾರಿಗಳಿಗೆ 2017ರ ನವೆಂಬರ್ 1ರಿಂದ ಆರಂಭಕ್ಕೆ ಮುನ್ನ, ನಡೆಯುವಾಗ, ಮುಗಿದ ಬಳಿಕ ಹೀಗೆ ಮೂರು ಹಂತಗಳಲ್ಲಿ ಸ್ಥಳಗುರುತಿನ ಛಾಯಾಚಿತ್ರ ತೆಗೆಯುವ ಕ್ರಮ ಬಂದಿತು. ಕುಸಿದ ಬಳಿಕದ ಚಿತ್ರ ಈ ಮೂರರಲ್ಲಿ ಸೇರಿಲ್ಲ. ಅದನ್ನು ನಾವೇ ತೆಗೆಸಿ ಕಡತಕ್ಕೆ ಸೇರಿಸಬೇಕು.

ಇದರಿಂದ ಸದಸ್ಯರಿಗೇನು ಪ್ರಯೋಜನ? ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿಯಿದ್ದರೆ, ಆ ಅವಧಿಯಲ್ಲಿ ಕಂಡ ದೋಷವನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲಿಯೇ ಸರಿಪಡಿಸಬೇಕು. ಆದರೆ ಮೂಲ ಮುಕ್ತಾಯದ ದಿನಾಂಕ ಅಳಿಸಿಹೋಗಿದ್ದರೆ ಅವಧಿಯನ್ನು ಎಲ್ಲಿಂದ ಎಣಿಸುವುದು? ಕೂಲಿಯ ವಿಷಯವೂ ಹೀಗೆಯೇ. 2005ರ ಉದ್ಯೋಗ ಖಾತರಿ ಕಾಯ್ದೆಯು ಕೂಲಿಯನ್ನು 15 ದಿನಗಳೊಳಗೆ ಪಾವತಿಸಬೇಕೆಂದು ವಿಧಿಸಿತು. ಹಾಜರಿ ಪಟ್ಟಿ ಮುಕ್ತಾಯವಾದ 16ನೆಯ ದಿನದಿಂದ ವಿಳಂಬದ ಪ್ರತಿ ದಿನಕ್ಕೆ ಬಾಕಿ ಕೂಲಿಯ ಶೇ. 0.05ರಷ್ಟು ಪರಿಹಾರವೂ ನಿಗದಿಯಾಯಿತು. ಅಳತೆಯನ್ನು ಎರಡನೆಯ ಬಾರಿ ತೆಗೆದ ದಿನಾಂಕ ದಾಖಲಾಗದಿದ್ದರೆ ವಿಳಂಬ ಯಾವ ಹಂತದಲ್ಲಾಯಿತು ಎಂಬುದು ಗೊತ್ತಾಗುವುದಿಲ್ಲ. ಬಿಸಿಲಿನಲ್ಲಿ ದುಡಿದವರು ಮಾತ್ರ ಕಾಯುತ್ತಲೇ ಇರುತ್ತಾರೆ.

ಒಂದು ಎಚ್ಚರಿಕೆಯ ಮಾತು. ಮರುಕೆಲಸದ ಪಟ್ಟಿಯನ್ನು ತಪ್ಪಿತಸ್ಥರ ಪಟ್ಟಿಯಂತೆ ಓದಬಾರದು. ಪ್ರತಿ ನಮೂದಿಗೂ ಸಭೆಯಲ್ಲಿ ಛೀಮಾರಿ ಬೀಳುವುದಾದರೆ ಮುಂದಿನ ಬಾರಿ ಯಾರೂ ಬರೆಯುವುದಿಲ್ಲ. ಅಂದು ನಾನು ಮಾಡಿದಂತೆ ದಿನಾಂಕ ಬದಲಿಸಿ ಸುಮ್ಮನಾಗುತ್ತಾರೆ. ಮರುಕೆಲಸವೇ ಇಲ್ಲವೆಂದು ತೋರಿಸುವ ವರದಿಗಿಂತ, ಐದು ಮರುಕೆಲಸಗಳನ್ನು ಕಾರಣ ಸಹಿತ ತೋರಿಸುವ ವರದಿಯನ್ನು ನಾನು ಹೆಚ್ಚು ನಂಬುತ್ತೇನೆ. ನಿಜವನ್ನು ಬರೆದವರಿಗೆ ಸಭೆಯಲ್ಲಿ ರಕ್ಷಣೆ ಸಿಗಬೇಕು. ಬರೆಯದೆ ಮುಚ್ಚಿಟ್ಟವರನ್ನು ಪ್ರಶ್ನಿಸಬೇಕು.

ಕಂಪ್ಯೂಟರ್ ನಡೆಸಲು ಬಾರದ ಸದಸ್ಯರೂ ಸಾಮಾನ್ಯ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಬಹುದು.

1. ಹಿಂದಿನ ಸಭೆಯ ನಂತರ ಯಾವ ಕಾಮಗಾರಿಗಳ ಮೊತ್ತ, ಅಳತೆ ಅಥವಾ ದಿನಾಂಕ ಬದಲಾಗಿದೆ?
2. ಮುಗಿಯಿತೆಂದ ಮೇಲೆ ಮತ್ತೆ ಕೈಗೆತ್ತಿಕೊಂಡ ಕಾಮಗಾರಿಗಳು ಯಾವುವು, ಕಾರಣವೇನು?
3. ಅದರ ವೆಚ್ಚವನ್ನು ಭರಿಸಿದವರು ಯಾರು?

ಉತ್ತರಗಳನ್ನು ನಡಾವಳಿಯಲ್ಲಿ ಬರೆಸಿರಿ. ಜಮಾಬಂದಿ ಮತ್ತು ಸಾಮಾಜಿಕ ಪರಿಶೋಧನೆಯ ದಿನ ಅದೇ ನಡಾವಳಿ ಗ್ರಾಮಸ್ಥರ ಮುಂದೆ ನಿಮ್ಮ ಪರವಾಗಿ ನಿಲ್ಲುತ್ತದೆ. ಮುಂದಿನ ಕ್ರಿಯಾ ಯೋಜನೆಗೆ ಕುಳಿತಾಗ, ಯಾವ ಮೋರಿಗೆ ದೊಡ್ಡ ಕೊಳವೆ ಬೇಕೆಂಬುದನ್ನು ಮಳೆ ಬರುವ ಮೊದಲೇ ಅದು ನಿಮಗೆ ತಿಳಿಸುತ್ತದೆ.