ಒಂದು ವರ್ಷದ ಪ್ರಮಾಣಪತ್ರ ಮತ್ತು ಬಾಳುವ ವಿದ್ಯೆ

(ಡಿಜಿಟಲ್ ಮಾರ್ಕೆಟಿಂಗ್ ಕಲಿಯುತ್ತಿರುವ ಪದವಿ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಗೂಗಲ್ ಅನಾಲಿಟಿಕ್ಸ್ ಪ್ರಮಾಣಪತ್ರ ಪರೀಕ್ಷೆಗೆ ಸಿದ್ಧರಾಗುವುದು ಹೇಗೆ ಎಂಬುದರ ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಿದ್ದಾರೆ. ಪರೀಕ್ಷೆಯಲ್ಲಿ ತೇರ್ಗಡೆಯಾಗುವ ದಾರಿಯನ್ನು ಮಾತ್ರ ಹೇಳುವುದಾದರೆ ಹತ್ತು ನಿಮಿಷಗಳು ಸಾಕು. ಆದರೆ ಈ ವಿದ್ಯೆ ಯಾವುದಕ್ಕಾಗಿ ಮತ್ತು ಅದನ್ನು ಕಲಿತವನ ಹೊಣೆ ಏನು ಎಂಬ ಪ್ರಶ್ನೆಗಳನ್ನು ಬಿಟ್ಟು ಆ ಹತ್ತು ನಿಮಿಷಗಳಿಗೆ ಬೆಲೆಯಿಲ್ಲ. ಆದ್ದರಿಂದ ಎರಡನ್ನೂ ಜೊತೆಯಾಗಿಯೇ ನಿಮ್ಮ ಮುಂದಿಡಲು ಬಯಸುತ್ತೇನೆ.

ಜವಳಿ ಅಂಗಡಿಯ ಗಲ್ಲಾದಲ್ಲಿ ಕುಳಿತ ಮಾಲೀಕನಿಗೆ ತನ್ನ ಗಿರಾಕಿ ಕಣ್ಣೆದುರೇ ಕಾಣುತ್ತಾನೆ. ಯಾರು ಬಂದರು, ಯಾವ ಬಟ್ಟೆಯನ್ನು ಮುಟ್ಟಿ ನೋಡಿದರು, ಬೆಲೆ ಕೇಳಿ ಯಾರು ಹಿಂತಿರುಗಿದರು ಎಂಬುದೆಲ್ಲ ಆತನಿಗೆ ತಿಳಿಯುತ್ತದೆ. ಅದೇ ವ್ಯಾಪಾರ ವೆಬ್‌ಸೈಟ್‌ಗೆ ಬಂದಾಗ ಗಿರಾಕಿ ಕಣ್ಮರೆಯಾಗುತ್ತಾನೆ. ಉಳಿಯುವುದು ಆತನ ಹೆಜ್ಜೆ ಗುರುತುಗಳು ಮಾತ್ರ. ಆ ಗುರುತುಗಳನ್ನು ಕ್ರಮವಾಗಿ ದಾಖಲಿಸಿ, ಅವುಗಳಿಂದ ಸರಿಯಾದ ತೀರ್ಮಾನಕ್ಕೆ ಬರುವ ವಿದ್ಯೆಯೇ ವೆಬ್ ಅನಾಲಿಟಿಕ್ಸ್.

ಈ ಕ್ಷೇತ್ರದಲ್ಲಿ ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ಸಾಧನ ಗೂಗಲ್ ಅನಾಲಿಟಿಕ್ಸ್. 2005ರಲ್ಲಿ ಗೂಗಲ್ ಅರ್ಚಿನ್ ಎಂಬ ಸಂಸ್ಥೆಯನ್ನು ಖರೀದಿಸಿ, ಅದೇ ವರ್ಷದ ನವೆಂಬರ್‌ನಲ್ಲಿ ಈ ಸೇವೆಯನ್ನು ಉಚಿತವಾಗಿ ಆರಂಭಿಸಿತು. ಜಾಹೀರಾತಿನ ಲಿಂಕ್‌ಗಳಿಗೆ ಜೋಡಿಸುವ ‘ಯುಟಿಎಂ’ ಎಂಬ ಗುರುತಿನಲ್ಲಿರುವ ಮೊದಲ ಅಕ್ಷರ ಇಂದಿಗೂ ಆ ಅರ್ಚಿನ್ ಸಂಸ್ಥೆಯದ್ದೇ. 2020ರ ಅಕ್ಟೋಬರ್‌ನಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂತು. 2023ರ ಜುಲೈ 1ರಿಂದ ಹಳೆಯ ಆವೃತ್ತಿಯು ಸಾಮಾನ್ಯ ಬಳಕೆದಾರರ ಹೊಸ ಮಾಹಿತಿಯನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಹಳೆಯ ಆವೃತ್ತಿಯ ಪರದೆಗಳನ್ನು ಬಾಯಿಪಾಠ ಮಾಡಿ ಪ್ರಮಾಣಪತ್ರ ಪಡೆದವರ ಜ್ಞಾನ ಒಂದೇ ದಿನದಲ್ಲಿ ಹಳತಾಯಿತು. ತರ್ಕವನ್ನು ಅರಿತವರು ಕೆಲವೇ ವಾರಗಳಲ್ಲಿ ಹೊಸದಕ್ಕೆ ಹೊಂದಿಕೊಂಡರು. ನಮ್ಮ ಅಧ್ಯಯನ ಯಾವ ಬಗೆಯದ್ದಾಗಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕೇ?

ಈಗ ಪರೀಕ್ಷೆಯ ವಿಚಾರಕ್ಕೆ ಬರೋಣ. ಗೂಗಲ್‌ನ ‘ಸ್ಕಿಲ್‌ಶಾಪ್’ ಎಂಬ ಕಲಿಕಾ ತಾಣದಲ್ಲಿ ಇದು ನಡೆಯುತ್ತದೆ. 50 ಪ್ರಶ್ನೆಗಳು, 75 ನಿಮಿಷಗಳ ಅವಧಿ, ತೇರ್ಗಡೆಗೆ ಶೇ. 80 ಅಂಕಗಳು. ಪಾಠಗಳಿಗೂ ಪರೀಕ್ಷೆಗೂ ಶುಲ್ಕವಿಲ್ಲ. ಪ್ರಮಾಣಪತ್ರದ ಆಯುಷ್ಯ ಒಂದು ವರ್ಷ. ಆನಂತರ ಮತ್ತೆ ಪರೀಕ್ಷೆ ಬರೆಯಬೇಕು.

ಇದರಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸಿ. ಮೊದಲನೆಯದು, ಪರೀಕ್ಷೆ ಉಚಿತ ಎಂಬುದು. ಈ ಪ್ರಮಾಣಪತ್ರವನ್ನು ತಾವೇ ಕೊಡಿಸುವುದಾಗಿಯೂ ಅದರೊಂದಿಗೆ ಉದ್ಯೋಗ ಖಚಿತವೆಂದೂ ಹೇಳಿ ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಬೋಧಿಸುವ ಶಿಕ್ಷಕನಿಗೆ ಆತನ ಶ್ರಮದ ಸಂಭಾವನೆ ಸಲ್ಲಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಉಚಿತವಾಗಿ ದೊರೆಯುವ ಕಾಗದವನ್ನೇ ಮಾರುವುದು, ಯಾರ ಕೈಯಲ್ಲೂ ಇಲ್ಲದ ಉದ್ಯೋಗದ ಭರವಸೆಯನ್ನು ಮಾರುವುದು ವಂಚನೆ. ಮನೆಯ ಚಿನ್ನವನ್ನು ಅಡವಿಟ್ಟು ಮಕ್ಕಳನ್ನು ಓದಿಸುವ ಹೆತ್ತವರಿರುವ ನಮ್ಮ ನಡುವೆ ಇದನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಎರಡನೆಯದು, ಈ ಪರೀಕ್ಷೆಯನ್ನು ಮನೆಯಲ್ಲೇ ಕುಳಿತು ಬರೆಯಬಹುದು ಎಂಬುದು. ಉತ್ತರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆದವನನ್ನು ತಡೆಯುವ ಮೇಲ್ವಿಚಾರಕ ಅಲ್ಲಿಲ್ಲ. ಹಾಗೆ ತೇರ್ಗಡೆಯಾದವನಿಗೆ ನಾಳೆ ಒಬ್ಬ ಸಣ್ಣ ವ್ಯಾಪಾರಿ ತನ್ನ ಜಾಹೀರಾತಿನ ಹಣವನ್ನು ಒಪ್ಪಿಸುತ್ತಾನೆ. ಆ ಹಣ ಪೋಲಾದಾಗ ನಷ್ಟವಾಗುವುದು ಪ್ರಮಾಣಪತ್ರ ಪಡೆದವನಿಗಲ್ಲ, ಅದನ್ನು ನಂಬಿದವನಿಗೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡೋಣ. ಒಬ್ಬ ಬಟ್ಟೆ ವ್ಯಾಪಾರಿ ಎರಡು ಜಾಹೀರಾತುಗಳಿಗೆ ತಲಾ ₹10,000 ಖರ್ಚು ಮಾಡಿದನೆಂದು ಭಾವಿಸಿ. ಮೊದಲನೆಯದರಿಂದ 2,000 ಮಂದಿ ಬಂದು 8 ಆರ್ಡರ್‌ಗಳು ದೊರೆತವು. ಎರಡನೆಯದರಿಂದ 300 ಮಂದಿ ಬಂದು 20 ಆರ್ಡರ್‌ಗಳು ದೊರೆತವು. ಜನರ ಸಂಖ್ಯೆಯನ್ನು ಮಾತ್ರ ನೋಡುವವನು ಮೊದಲನೆಯದನ್ನು ಹೊಗಳುತ್ತಾನೆ. ಸ್ವಲ್ಪ ಕಲಿತವನು ಆರ್ಡರೊಂದಕ್ಕೆ ಮೊದಲನೆಯದರಲ್ಲಿ ₹1,250, ಎರಡನೆಯದರಲ್ಲಿ ₹500 ತಗಲಿತೆಂದು ಲೆಕ್ಕ ಹಾಕಿ ಎರಡನೆಯದನ್ನು ಆರಿಸುತ್ತಾನೆ. ಆದರೆ ಎರಡನೆಯದರ 20ರಲ್ಲಿ 15 ಆರ್ಡರ್‌ಗಳು ಮನೆ ಬಾಗಿಲಲ್ಲಿ ಹಣ ಪಾವತಿಸುವಂಥವಾಗಿದ್ದು, ಪಾರ್ಸೆಲ್ ಸ್ವೀಕರಿಸದೆ ಮರಳಿ ಬಂದವೆಂದಿಟ್ಟುಕೊಳ್ಳಿ. ಮೊದಲನೆಯದರ ಎಂಟೂ ನಿಂತವು. ಆಗ ಎರಡನೆಯದರಲ್ಲಿ ಒಂದು ನಿಜವಾದ ಮಾರಾಟಕ್ಕೆ ತಗಲಿದ ವೆಚ್ಚ ₹2,000! ಮರಳಿ ಬಂದ ಪಾರ್ಸೆಲ್‌ನ ಮಾಹಿತಿಯನ್ನು ನಾವಾಗಿ ದಾಖಲಿಸದಿದ್ದರೆ ಅನಾಲಿಟಿಕ್ಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಪರದೆಯ ಮೇಲಿನ ಅಂಕಿ ಸುಳ್ಳಲ್ಲ, ಆದರೆ ಅಪೂರ್ಣ. ಯಾವ ಪ್ರಶ್ನೆಯನ್ನು ಕೇಳಬೇಕೆಂದು ಅರಿತವನಷ್ಟೇ ಅದನ್ನು ಪೂರ್ಣಗೊಳಿಸಬಲ್ಲ.

ಹಾಗಾದರೆ ಓದುವುದು ಹೇಗೆ? ಮೊದಲು ಪರಿಭಾಷೆಗಳನ್ನು ಖಚಿತಪಡಿಸಿಕೊಳ್ಳಿ. ಬಳಕೆದಾರ, ಸೆಷನ್, ಇವೆಂಟ್ ಎಂಬ ಮೂರು ಪದಗಳ ಮೇಲೆ ಇಡೀ ಕಟ್ಟಡ ನಿಂತಿದೆ. ಪುಟ ತೆರೆಯುವುದು, ಕೆಳಗೆ ಸರಿಯುವುದು, ವಸ್ತು ಖರೀದಿಸುವುದು ಎಲ್ಲವೂ ಇವೆಂಟ್‌ಗಳೇ. 30 ನಿಮಿಷಗಳ ಕಾಲ ಯಾವುದೇ ಚಟುವಟಿಕೆ ಇಲ್ಲದಿದ್ದರೆ ಸಾಮಾನ್ಯವಾಗಿ ಸೆಷನ್ ಮುಗಿಯಿತೆಂದು ಪರಿಗಣಿಸಲಾಗುತ್ತದೆ. 10 ಸೆಕೆಂಡಿಗಿಂತ ಹೆಚ್ಚು ಕಾಲ ನಿಂತ, ಅಥವಾ ಎರಡು ಪುಟಗಳನ್ನಾದರೂ ನೋಡಿದ, ಅಥವಾ ಮುಖ್ಯ ಇವೆಂಟ್ ಒಂದನ್ನು ಪೂರೈಸಿದ ಭೇಟಿಯನ್ನು ಆಸಕ್ತಿಯ ಭೇಟಿಯೆಂದು ಎಣಿಸಲಾಗುತ್ತದೆ. ಈ ವ್ಯಾಖ್ಯೆಗಳು ಪ್ರಕೃತಿಯ ನಿಯಮಗಳಲ್ಲ, ಒಂದು ಕಂಪೆನಿ ಮಾಡಿಕೊಂಡ ಏರ್ಪಾಡುಗಳು. ಒಬ್ಬನೇ ವ್ಯಕ್ತಿ ಮೊಬೈಲ್‌ನಲ್ಲೊಮ್ಮೆ, ಕಚೇರಿಯ ಕಂಪ್ಯೂಟರ್‌ನಲ್ಲೊಮ್ಮೆ ಬಂದರೆ ಇಬ್ಬರೆಂದು ಎಣಿಕೆಯಾಗಬಹುದು. ಒಂದೇ ಮೊಬೈಲನ್ನು ಮನೆಮಂದಿಯೆಲ್ಲ ಬಳಸಿದರೆ ನಾಲ್ವರು ಒಬ್ಬರಾಗಬಹುದು.

ಎರಡನೆಯದಾಗಿ, ಶ್ರೇಯಸ್ಸಿನ ಹಂಚಿಕೆಯನ್ನು ಅರ್ಥ ಮಾಡಿಕೊಳ್ಳಿ. ಮದುವೆಯ ಮನೆಯವರೊಬ್ಬರು ಅಂಗಡಿಯೊಂದರ ಹೆಸರನ್ನು ಇನ್‌ಸ್ಟಾಗ್ರಾಮ್‌ನಲ್ಲಿ ನೋಡುತ್ತಾರೆ. ವಾರದ ಬಳಿಕ ಗೂಗಲ್‌ನಲ್ಲಿ ಹುಡುಕಿ ಖರೀದಿಸುತ್ತಾರೆ. ಮಾರಾಟದ ಶ್ರೇಯಸ್ಸು ಯಾರಿಗೆ? ಕೊನೆಯ ಕ್ಲಿಕ್‌ಗೇ ಎಲ್ಲವನ್ನೂ ಕೊಡುವುದು ಒಂದು ಪದ್ಧತಿ. ಲಭ್ಯ ಮಾಹಿತಿಯ ಆಧಾರದಲ್ಲಿ ದಾರಿಯಲ್ಲಿ ಸಿಕ್ಕಿದ ಎಲ್ಲರಿಗೂ ಪಾಲು ಹಂಚುವುದು ಇನ್ನೊಂದು. ಜಾಹೀರಾತು ಮಾರುವ ಕಂಪೆನಿಯೇ ಜಾಹೀರಾತಿನ ಫಲವನ್ನು ಅಳೆಯುವ ಸಾಧನವನ್ನೂ ಒದಗಿಸುತ್ತಿರುವಾಗ, ಈ ಪ್ರಶ್ನೆಯನ್ನು ಎಚ್ಚರದಿಂದ ಕೇಳುವುದು ಅಗತ್ಯ. ತಕ್ಕಡಿಯೂ ವ್ಯಾಪಾರಿಯದ್ದೇ ಆದಾಗ ಗಿರಾಕಿ ಕಣ್ತೆರೆದಿರಬೇಕು.

ಮೂರನೆಯದಾಗಿ, ಕೈಯಾರೆ ಅಭ್ಯಾಸ ಮಾಡಿ. ಗೂಗಲ್ ತನ್ನ ಸ್ವಂತ ಮಾರಾಟ ಮಳಿಗೆಯ ನೈಜ ಮಾಹಿತಿಯಿರುವ ಡೆಮೊ ಅಕೌಂಟ್ ಒಂದನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಪ್ರತಿದಿನ ಅದರಿಂದ ಒಂದು ಪ್ರಶ್ನೆಗೆ ಉತ್ತರ ಹುಡುಕಿ ನಿಮ್ಮ ಮಾತಿನಲ್ಲೇ ನಾಲ್ಕು ಸಾಲು ಬರೆಯಿರಿ. ಊರಿನ ಗ್ರಂಥಾಲಯಕ್ಕೋ, ಮನೆಯಲ್ಲೇ ತಿಂಡಿ ತಯಾರಿಸಿ ಮಾರುವ ಸಹೋದರಿಯೊಬ್ಬರ ವ್ಯಾಪಾರಕ್ಕೋ ಒಂದು ಸಣ್ಣ ವೆಬ್‌ಸೈಟ್ ಕಟ್ಟಿಕೊಟ್ಟು ಅದರ ಲೆಕ್ಕವನ್ನು ಮೂರು ತಿಂಗಳು ನೋಡಿಕೊಳ್ಳಿ. ಕೆಲಸ ಕೊಡುವವರ ಮುಂದೆ ಆ ಮೂರು ತಿಂಗಳ ಲೆಕ್ಕ ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತನಾಡುತ್ತದೆ.

ಮಿತ್ರರೇ, ಇಷ್ಟು ಹೇಳಿ ಮುಗಿಸಿದರೆ ವಿಷಯದ ಅರ್ಧವನ್ನು ಮುಚ್ಚಿಟ್ಟಂತಾಗುತ್ತದೆ. ಹೆಜ್ಜೆ ಗುರುತುಗಳನ್ನು ಎಣಿಸುವ ವಿದ್ಯೆ ಮನುಷ್ಯನನ್ನು ಹಿಂಬಾಲಿಸುವ ವಿದ್ಯೆಯೂ ಹೌದು. 2018ರಲ್ಲಿ ಕೇಂಬ್ರಿಜ್ ಅನಾಲಿಟಿಕಾ ಪ್ರಕರಣ ಬಯಲಾದಾಗ, ಸುಮಾರು 8.7 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ ಅನುಚಿತವಾಗಿ ಆ ರಾಜಕೀಯ ಸಲಹಾ ಸಂಸ್ಥೆಯ ಕೈಸೇರಿರಬಹುದೆಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಗಿರಾಕಿಗೆ ಸೋಪು ಮಾರಲು ಹುಟ್ಟಿದ ತಂತ್ರವೇ ಮತದಾರನ ಭಯವನ್ನೂ ದ್ವೇಷವನ್ನೂ ಗುರಿಯಾಗಿಸಬಲ್ಲದು ಎಂಬುದನ್ನು ಜಗತ್ತು ಆಗ ಕಂಡಿತು. ಜನರ ಧರ್ಮ, ಆರೋಗ್ಯ, ರಾಜಕೀಯ ನಿಲುವುಗಳಿಗೆ ಸಂಬಂಧಿಸಿದ ವಿಷಯಗಳ ಆಸಕ್ತಿಯನ್ನು ಆಧರಿಸಿ ಜಾಹೀರಾತುದಾರರು ಗುರಿ ಹಿಡಿಯಲು ಅವಕಾಶವಿದ್ದ ಹಲವು ಆಯ್ಕೆಗಳನ್ನು ಫೇಸ್‌ಬುಕ್‌ನ ಮಾತೃಸಂಸ್ಥೆ ತೆಗೆದುಹಾಕಿದ್ದು 2022ರ ಜನವರಿಯಲ್ಲಷ್ಟೇ.

ಅದೇ ತಿಂಗಳು ಆಸ್ಟ್ರಿಯಾದ ಮಾಹಿತಿ ಸಂರಕ್ಷಣಾ ಪ್ರಾಧಿಕಾರದ ತೀರ್ಪೊಂದು ಬೆಳಕಿಗೆ ಬಂತು. ಅಲ್ಲಿನ ವೆಬ್‌ಸೈಟ್ ಒಂದು ಗೂಗಲ್ ಅನಾಲಿಟಿಕ್ಸ್ ಬಳಸಿದ್ದು ಯುರೋಪಿನ ಕಾನೂನಿಗೆ ವಿರುದ್ಧ ಎಂಬುದೇ ಆ ತೀರ್ಪು. ಜನರ ಮಾಹಿತಿ ಅಮೆರಿಕಕ್ಕೆ ರವಾನೆಯಾಗಿ ಅಲ್ಲಿನ ಗುಪ್ತಚರ ಸಂಸ್ಥೆಗಳ ಕೈಗೆ ಎಟಕುವಂತಾಗುತ್ತದೆ ಎಂಬುದು ಅದರ ತಿರುಳಾಗಿತ್ತು. ಅದೇ ವರ್ಷ ಫ್ರಾನ್ಸ್ ಮತ್ತು ಇಟಲಿಯ ಪ್ರಾಧಿಕಾರಗಳೂ ಅದೇ ನಿಲುವು ತಳೆದವು. 2023ರ ಜುಲೈಯಲ್ಲಿ ಯುರೋಪ್ ಮತ್ತು ಅಮೆರಿಕದ ನಡುವೆ ಹೊಸ ಏರ್ಪಾಡು ಜಾರಿಗೆ ಬಂದ ಬಳಿಕ ಆ ಬಿಕ್ಕಟ್ಟು ಸಡಿಲಗೊಂಡಿತು.

ನಮ್ಮ ದೇಶದಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸರ್ವಾನುಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯ ಅರ್ಜಿದಾರರು ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದನ್ನು ಕನ್ನಡಿಗರಾದ ನಾವು ನೆನಪಿಡಬೇಕು. ಆ ತೀರ್ಪಿನ ಬೆನ್ನಿಗೇ ಮಾಹಿತಿ ಸಂರಕ್ಷಣೆಯ ಕಾಯ್ದೆ ಬರಲಿಲ್ಲ. ಅದಕ್ಕೆ ಆರು ವರ್ಷಗಳು ಬೇಕಾದವು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಜನರ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸುವುದಕ್ಕೆ ಅದು ಕಡಿವಾಣ ಹಾಕುತ್ತದೆ. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಲೋಪಕ್ಕೆ ₹250 ಕೋಟಿಯವರೆಗೂ ದಂಡ ವಿಧಿಸಬಹುದು. ಆದರೆ ತನ್ನದೇ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರವು ಇದೇ ಕಾಯ್ದೆಯಲ್ಲಿ ಉಳಿಸಿಕೊಂಡಿದೆ. ವ್ಯಾಪಾರಿಯ ಕಣ್ಣಿಗೆ ಪರದೆ ಹಾಕಿ, ಪ್ರಭುತ್ವದ ಕಣ್ಣನ್ನು ತೆರೆದಿಡುವ ಈ ವ್ಯವಸ್ಥೆಯನ್ನು ಪ್ರಶ್ನಿಸಲು ವಿಷಯ ಬಲ್ಲವರು ಬೇಕು. ನಮ್ಮನ್ನು ಯಾರೋ ಅಳೆಯುತ್ತಿದ್ದಾರೆ, ಗುರಿಯಾಗಿಸುತ್ತಿದ್ದಾರೆ ಎಂದು ದೂರುವುದಷ್ಟೇ ಸಾಲದು. ಅಳತೆಯ ರೀತಿಯನ್ನು ಅರಿತು, ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುವ ಯುವಕ ಯುವತಿಯರು ಬೇಕು.

ಆದ್ದರಿಂದ ಅಧ್ಯಯನದ ಮೊದಲ ದಿನದಿಂದಲೇ ಕೆಲವು ನಿಯಮಗಳನ್ನು ಪಾಲಿಸಿ. ಗಿರಾಕಿಯ ಹೆಸರು, ಮೊಬೈಲ್ ಸಂಖ್ಯೆ, ಇಮೇಲ್ ಅನಾಲಿಟಿಕ್ಸ್‌ಗೆ ಸೇರದಂತೆ ನೋಡಿಕೊಳ್ಳಿ. ಹಾಗೆ ಸೇರಿಸುವುದನ್ನು ಗೂಗಲ್‌ನ ನಿಬಂಧನೆಗಳೂ ನಿಷೇಧಿಸುತ್ತವೆ. ಫಾರ್ಮ್ ತುಂಬಿದಾಗ ಪುಟದ ವಿಳಾಸದಲ್ಲಿ ಈ ವಿವರಗಳು ನುಸುಳುವುದುಂಟು, ಅದನ್ನು ಪರೀಕ್ಷಿಸಿ. ಬೇಕಾದಷ್ಟನ್ನು ಮಾತ್ರ ಸಂಗ್ರಹಿಸಿ. ಒಪ್ಪಿಗೆ ಕೊಡದವನನ್ನು ಬಳಸುದಾರಿಯಿಂದ ಹಿಂಬಾಲಿಸಬೇಡಿ. ನಿಮ್ಮನ್ನು ನೇಮಿಸಿದವರಿಗೆ ಇಷ್ಟವಾಗದ ಅಂಕಿಯನ್ನೂ ಮರೆಮಾಚದೆ ಮುಂದಿಡಿ. ಜಾಹೀರಾತು ಫಲ ಕೊಡಲಿಲ್ಲವೆಂದು ಹೇಳುವ ಧೈರ್ಯವೇ ಈ ವೃತ್ತಿಯ ಬಂಡವಾಳ.

ಕೊನೆಯದಾಗಿ ಒಂದು ಸಲಹೆ. ಆರು ವಾರಗಳನ್ನು ಇದಕ್ಕಾಗಿ ಮೀಸಲಿಡಿ. ಮೊದಲ ಎರಡು ವಾರ ಪಾಠ ಮತ್ತು ಪರಿಭಾಷೆ, ಮುಂದಿನ ಎರಡು ವಾರ ಡೆಮೊ ಅಕೌಂಟ್, ಐದನೆಯ ವಾರ ನಿಮ್ಮದೇ ಸಣ್ಣ ವೆಬ್‌ಸೈಟ್, ಆರನೆಯ ವಾರ ಪುನರಾವರ್ತನೆ ಮತ್ತು ಪರೀಕ್ಷೆ. ಇಬ್ಬರು ಮೂವರು ಜೊತೆಗೂಡಿ ಓದಿ. ತೇರ್ಗಡೆಯಾದವರು ಮುಂದಿನ ಶಿಬಿರಕ್ಕೆ ಕಲಿಸುವವರಾಗಿ ಬನ್ನಿ. ಬರುವಾಗ ಪ್ರಮಾಣಪತ್ರದ ಜೊತೆಗೆ, ನೀವು ಲೆಕ್ಕ ನೋಡಿಕೊಂಡ ಒಂದು ಸಣ್ಣ ವ್ಯಾಪಾರದ ವರದಿಯನ್ನೂ ತನ್ನಿ. ಅದನ್ನು ಎಲ್ಲರೂ ಸೇರಿ ಓದೋಣ.