‘ಕ್ಷುಲ್ಲಕ ಕಾರಣ’ ಎಂದು ಬರೆಯಬೇಡಿ



ಬೆಂಗಳೂರಿನ ಈ ಸಮಾವೇಶದಲ್ಲಿ ಬೆಳಗಿನಿಂದ ಮೂರು ಗೋಷ್ಠಿಗಳು ನಡೆದಿವೆ, ಊಟದ ಹೊತ್ತು ಮೀರಿದೆ. ಒಂದು ಸಾಲಿನ ಬಗ್ಗೆ ಮಾತಾಡಿ ಮುಗಿಸುತ್ತೇನೆ. ಅದು ದೂರಿನಲ್ಲಿ ಬರೆಯದೇ ಬಿಟ್ಟುಹೋಗುವ ಸಾಲು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಮಣಿಪುರದ ಹುಡುಗನೊಬ್ಬನ ಜೊತೆ ಠಾಣೆಯ ಬೆಂಚಿನ ಮೇಲೆ ಕೂತಿದ್ದೆ. ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವನು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ರಕ್ತವಾದ ಶರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಮೂವರು ಅಡ್ಡಗಟ್ಟಿ, ಅವನ ಕಣ್ಣು ಮೂಗನ್ನು ಆಡಿಕೊಂಡು, ‘ನಿಮ್ಮ ದೇಶಕ್ಕೆ ಹೋಗೋ’ ಎಂದು ಹೊಡೆದಿದ್ದರು. ದೂರು ಬರೆದುಕೊಂಡ ಪೊಲೀಸರು ಕೆಟ್ಟವರೇನಲ್ಲ, ಹುಡುಗನಿಗೆ ಟೀ ತರಿಸಿಕೊಟ್ಟರು. ಬರೆದದ್ದನ್ನು ಓದಿ ಹೇಳಿದರು: ‘ಕ್ಷುಲ್ಲಕ ಕಾರಣಕ್ಕೆ ಜಗಳ ತೆಗೆದು, ಅವಾಚ್ಯ ಶಬ್ದಗಳಿಂದ ಬೈದು, ಕೈಯಿಂದ ಹೊಡೆದಿರುತ್ತಾರೆ.’ ನಾನು ಅದನ್ನು ಹುಡುಗನಿಗೆ ಹಿಂದಿಯಲ್ಲಿ ಹೇಳಿದೆ. ಅವನು ಕೇಳಿದ: ‘ಜಗಳ ಎಲ್ಲಾಯ್ತು ಸರ್? ನಾನು ಬಾಯೇ ತೆಗೆದಿಲ್ಲವಲ್ಲ?’

ಕ್ಷುಲ್ಲಕ ಕಾರಣ, ಅವಾಚ್ಯ ಶಬ್ದ. ಠಾಣೆಯಿಂದ ಪತ್ರಿಕೆಗೆ, ಪತ್ರಿಕೆಯಿಂದ ನಮ್ಮ ಬಾಯಿಗೆ ಬಂದ ಈ ಎರಡು ಮಾತುಗಳಲ್ಲಿ ಅರ್ಧ ಅಪರಾಧವೇ ಮುಚ್ಚಿಹೋಗುತ್ತದೆ. ಜೇಬುಗಳ್ಳನಿಗೆ ಯಾರ ಜೇಬಾದರೂ ಆದೀತು. ದ್ವೇಷದಿಂದ ಹೊಡೆಯುವವನು ಮುಖ ನೋಡಿ, ಹೆಸರು ಕೇಳಿ, ಜಾತಿ ತಿಳಿದು, ಟೋಪಿಯನ್ನೋ ಸೀರೆಯುಟ್ಟ ಬಗೆಯನ್ನೋ ಗುರುತಿಸಿ ಹೊಡೆಯುತ್ತಾನೆ. ಪೆಟ್ಟು ಒಬ್ಬನಿಗೆ ಬಿದ್ದರೂ, ಅವನಂತೆಯೇ ಕಾಣುವ ನೂರು ಜನ ಮಾರನೆಯ ದಿನ ಬೇರೆ ದಾರಿ ಹಿಡಿಯುತ್ತಾರೆ.

ಇದನ್ನು ಈ ಊರು ಕಣ್ಣಾರೆ ಕಂಡಿದೆ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೆ ಮೊಬೈಲಿನಲ್ಲಿ ಹಬ್ಬಿದ ವದಂತಿಗೆ ಹೆದರಿ, ಈಶಾನ್ಯದ ಸಾವಿರಾರು ಜನ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ತುಂಬಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಹೋಗಬೇಡಿ ಎಂದು ಗೃಹ ಸಚಿವರೇ ನಿಲ್ದಾಣಕ್ಕೆ ಬಂದು ಕೇಳಿಕೊಂಡರೂ ಜನ ರೈಲು ಹತ್ತಿದರು. ಅಭಯ ಕೊಡುವವರು ತಮ್ಮ ಬೀದಿಯಲ್ಲೇ ಇದ್ದಾರೆಂಬ ನಂಬಿಕೆ ಮೊದಲೇ ಇದ್ದಿದ್ದರೆ, ಅವರು ನಿಲ್ದಾಣದವರೆಗೆ ಬರುತ್ತಿದ್ದರೇ?

2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನವನೊಬ್ಬನ ಕಾರಿಗೆ ಸಿಕ್ಕಿ ಮಹಿಳೆಯೊಬ್ಬರು ಸತ್ತರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಮುಗಿಬಿತ್ತು, ಅವರ ಕಾರನ್ನು ಸುಟ್ಟಿತು. ಅಪಘಾತಕ್ಕೂ ಅವರಿಗೂ ಇದ್ದ ನಂಟು ಮೈಬಣ್ಣ ಒಂದೇ. ಆದರೂ ಇದು ಜನಾಂಗೀಯ ದಾಳಿಯಲ್ಲ, ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂಬ ಮಾತು ಸರ್ಕಾರದ ಕಡೆಯಿಂದಲೇ ಬಂತು. ಆಮೇಲೆ ಬಂಧನಗಳಾದವು, ಪೊಲೀಸರ ಅಮಾನತೂ ಆಯಿತು. ಆದರೆ ಕಾರಣಕ್ಕೆ ಅದರ ಹೆಸರು ಹೇಳಲು ನಮ್ಮ ನಾಲಿಗೆ ತಡವರಿಸಿತು.

ಕರಗ ದರ್ಗಾದ ಬಾಗಿಲಿಗೆ ಹೋಗುವ ಊರು ನಮ್ಮದು ಎನ್ನುತ್ತೇವೆ. ನಿಜ, ನನಗೂ ಅದು ಹೆಮ್ಮೆಯೇ. ಆದರೆ ವರ್ಷದ ಒಂದು ರಾತ್ರಿಯ ಹೆಮ್ಮೆ ಉಳಿದ ರಾತ್ರಿಗಳಿಗೆ ಜಾಮೀನಾಗದು.

ದೂರಿನಲ್ಲಿ ಕಾರಣ ಹೇಳುವ ಆ ಒಂದು ಸಾಲಿನಿಂದ ಏನಾಗುತ್ತದೆ ಎಂದು ಕೇಳಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಯನ್ನು ನೋಡಿ. ಜಾತಿಯ ಮಾತು ದಾಖಲಾದರೆ ತನಿಖೆ ಮೇಲಿನ ದರ್ಜೆಯ ಅಧಿಕಾರಿಯ ಕೈಗೆ ಹೋಗುತ್ತದೆ, ಸಂತ್ರಸ್ತರಿಗೆ ಪರಿಹಾರದ ಮೊದಲ ಕಂತು ಬರುತ್ತದೆ, ಸಾಕ್ಷಿ ಹೇಳಲು ಬರುವವರಿಗೆ ಪ್ರಯಾಣದ ಖರ್ಚು ಸಿಗುತ್ತದೆ. ಆ ಮಾತು ‘ಅವಾಚ್ಯ ಶಬ್ದ’ವಾದರೆ ಇವೆಲ್ಲ ಕೈತಪ್ಪುತ್ತವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಜನಾಂಗ, ಜಾತಿ, ಲಿಂಗ, ಹುಟ್ಟೂರು, ಭಾಷೆ, ನಂಬಿಕೆಗಳ ನೆಪದಲ್ಲಿ ಗುಂಪು ಕೊಂದರೆ ಅಥವಾ ತೀವ್ರವಾಗಿ ಗಾಯಗೊಳಿಸಿದರೆ ಪ್ರತ್ಯೇಕ ಶಿಕ್ಷೆ ಹೇಳುತ್ತದೆ. ಆದರೆ ಗುಂಪಿನಲ್ಲಿ ಐದು ಜನರಾದರೂ ಇರಬೇಕು. ನನ್ನ ಪಕ್ಕ ಕೂತ ಹುಡುಗನಿಗೆ ಹೊಡೆದವರು ಮೂವರು! ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬ ಹಲ್ಲೆಗೊಳಗಾಗಿ ಸತ್ತ ಮೇಲೆ, 2014ರಲ್ಲಿ ಬೆಜ್‌ಬರುವಾ ಸಮಿತಿ ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಲಂ ಬೇಕೆಂದು ಹೇಳಿತ್ತು. ಆ ಬೇಡಿಕೆಯನ್ನು ನಾವು ಕೈಬಿಡಬಾರದು.

ದಾಖಲಿಸುವುದು ಹೇಗೆ ಎಂಬುದಕ್ಕೆ ಒಂದು ಮಾದರಿಯಿದೆ. ಲಂಡನ್ನಿನಲ್ಲಿ 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನ ಕೊಲೆಯಾಯಿತು. ಪೊಲೀಸರ ಲೋಪಗಳನ್ನು ಬಯಲಿಗೆಳೆದ 1999ರ ಮ್ಯಾಕ್‌ಫರ್ಸನ್ ವರದಿ ಒಂದು ಸರಳ ಸೂತ್ರ ಕೊಟ್ಟಿತು: ಇದು ಜನಾಂಗದ್ವೇಷದ ಘಟನೆ ಎಂದು ಪೆಟ್ಟು ತಿಂದವರಿಗಾಗಲಿ ಬೇರೆ ಯಾರಿಗೇ ಆಗಲಿ ಅನ್ನಿಸಿದರೆ ಹಾಗೆಂದೇ ದಾಖಲಿಸಿ. ಹಾಗೆ ದಾಖಲಿಸಿದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ, ಆ ದಿಕ್ಕಿನಲ್ಲೂ ತನಿಖೆ ಮಾಡಲೇಬೇಕಾಗುತ್ತದೆ, ಅಷ್ಟೆ. ಪಾರ್ಕಿಂಗ್ ಜಗಳಕ್ಕೆಲ್ಲ ದ್ವೇಷದ ಬಣ್ಣ ಬಳಿಯಿರಿ ಎಂದು ನಾನೂ ಹೇಳುತ್ತಿಲ್ಲ. ಆಡಿದ ಮಾತನ್ನು ಆಡಿದ ಹಾಗೆ ಬರೆಯಿರಿ, ತೂಗುವ ಕೆಲಸ ನ್ಯಾಯಾಲಯದ್ದು.

ಆ ರಾತ್ರಿ ಠಾಣೆಯಲ್ಲಿ ನಾವೂ ಅದನ್ನೇ ಕೇಳಿದೆವು. ‘ಆ ಮಾತನ್ನೂ ಬರೀಬೇಕಾ ಸಾರ್?’ ಎಂದು ಪೊಲೀಸರು ಸಂಕೋಚಪಟ್ಟರು. ಬರೆದರು. ಹುಡುಗ ಸಹಿ ಹಾಕಿದ. ಕೇಸು ಗೆದ್ದಿರಾ ಎಂದು ಕೇಳಬೇಡಿ. ಎರಡು ವಾರದಲ್ಲಿ ಮನೆ ಮಾಲೀಕರು ‘ಪೊಲೀಸು ಗಿಲೀಸು ನಮಗೆ ಬೇಡಪ್ಪ, ರೂಮು ಖಾಲಿ ಮಾಡು’ ಎಂದರು. ಹೊಲಿಗೆ ಬಿಚ್ಚಿಸುವವರೆಗೆ ಕೆಲಸಕ್ಕೆ ಹೋಗಲಿಲ್ಲವೆಂದು ಸಂಬಳವೂ ನಿಂತಿತು. ಸಾಕ್ಷಿಗೆ ಸಮನ್ಸ್ ಬರುವ ಹೊತ್ತಿಗೆ ಅವನು ಊರು ಬಿಟ್ಟಿದ್ದ. ಆ ಸಾಲನ್ನು ಬರೆಸಿ ನನ್ನ ಕೆಲಸ ಮುಗಿಯಿತೆಂದು ನಾನು ಮನೆಗೆ ಹೋಗಿದ್ದೆ. ತಪ್ಪು ನನ್ನದೂ ಹೌದು.

ಆದ್ದರಿಂದ ಈ ಸಮಾವೇಶ ಮೂರು ಕೆಲಸ ಹೊತ್ತುಕೊಳ್ಳಲಿ. ಒಂದು, ಭಾಷೆ ಬಲ್ಲ ಒಬ್ಬರು ಸಂತ್ರಸ್ತರ ಜೊತೆ ಠಾಣೆಗೂ ಆಸ್ಪತ್ರೆಗೂ ಹೋಗಲಿ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದು, ಅದರ ಪ್ರತಿ ಉಚಿತ ಎಂಬುದನ್ನು ಅವರಿಗೆ ಹೇಳಲಿ. ಎರಡು, ಜನಾಂಗೀಯ ಹಿಂಸೆಗೆ, ಜಾತಿ ದೌರ್ಜನ್ಯಕ್ಕೆ ತುತ್ತಾದವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತ ವಕೀಲರು ಸಿಗುತ್ತಾರೆ. ಅದರ ಸಹಾಯವಾಣಿ 15100 ಸಂಖ್ಯೆಯನ್ನು ಪ್ರತಿ ಪಿಜಿಯ ಗೋಡೆಗೆ ಅಂಟಿಸೋಣ. ಹೊಡೆದವರು ಸಿಗದಿದ್ದರೂ ಪರಿಹಾರಕ್ಕೆ ಅರ್ಜಿ ಹಾಕಬಹುದು, ಹಾಕಿಸೋಣ. ಮೂರನೆಯದು ಬಹಳ ಚಿಕ್ಕದು, ಬಹಳ ಕಷ್ಟದ್ದು: ಪ್ರತಿ ಬಡಾವಣೆಯಲ್ಲಿ ಸಂತ್ರಸ್ತರಿಗೆ ಆರು ತಿಂಗಳ ಮಟ್ಟಿಗೆ ಒಂದು ಕೋಣೆ ಬಾಡಿಗೆಗೆ ಕೊಡುವ ಒಬ್ಬ ಮನೆ ಮಾಲೀಕರನ್ನು ಹುಡುಕೋಣ.

ನಮ್ಮ ಮನೆಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಪಟ್ಟಿಯಲ್ಲಿ ಅದನ್ನು ಮೊದಲು ಬರೆದುಕೊಳ್ಳಿ.